ಬೊಲೆರೋ ಹಿಂದೆ ಕ್ಯಾಂಪಿಂಗ್ ಟ್ರೇಲರ್: ಮೊದಲು ತೂಕದ ಲೆಕ್ಕ, ಆಮೇಲೆ ಕಬ್ಬಿಣ

ಪ್ರಶ್ನೆ: ನಾನು ಗದಗ ಜಿಲ್ಲೆಯ ಹೈಸ್ಕೂಲ್ ಶಿಕ್ಷಕ. ಹಳೆಯ ಬೊಲೆರೋ ಇದೆ. ಅದರ ಹಿಂದೆ ಕಟ್ಟಿಕೊಂಡು ಹೋಗಲು ಸಣ್ಣ ಕ್ಯಾಂಪಿಂಗ್ ಟ್ರೇಲರ್ ಮಾಡಿಸಬೇಕೆಂದಿದ್ದೇನೆ. ಎಂಟು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ನಾಲ್ಕು ಅಡಿ ಎತ್ತರದ ಪೆಟ್ಟಿಗೆ. ಒಳಗೆ ಮಲಗುವ ಜಾಗ, ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ಯಲ್ಲಾಪುರ, ದಾಂಡೇಲಿ, ಕಾರವಾರ ಕಡೆ ಹೋಗುವ ಆಸೆ. ನಮ್ಮ ಹೊಲದ ದಾರಿಯಲ್ಲೂ ಓಡಬೇಕು. ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಮಿಸ್ತ್ರಿ 4 ಇಂಚಿನ ಚಾನೆಲ್, 3 ಮಿಮೀ ಶೀಟ್, ಹಳೆ ಟ್ರೇಲರ್‌ನ ಕಮಾನ್ ಪ್ಲೇಟ್ (ಲೀಫ್ ಸ್ಪ್ರಿಂಗ್) ಹಾಕಿ ಮಾಡಿಕೊಡುತ್ತೇನೆ ಅಂತಾರೆ. "ಆನಿ ಹತ್ತಿದ್ರೂ ಏನೂ ಆಗಂಗಿಲ್ಲ ಬಿಡ್ರಿ ಸರ" ಅನ್ನುವುದು ಅವರ ಮಾತು. ನೀರಿನ ಟ್ಯಾಂಕು, ಬ್ಯಾಟರಿ ಹಿಂದಕ್ಕೆ ಇಟ್ಟರೆ ಬೊಲೆರೋ ಮೇಲೆ ಭಾರ ಬೀಳುವುದಿಲ್ಲ ಅಂತ ನನ್ನ ಸೋದರಳಿಯ ಹೇಳುತ್ತಾನೆ. 750 ಕೆಜಿ ಒಳಗಿದ್ದರೆ ಆರ್‌ಟಿಒ ತಂಟೆಯೇ ಇಲ್ಲ ಅಂತ ಒಬ್ಬ ಗೆಳೆಯ. ಯಾರ ಮಾತು ನಂಬಲಿ? ನಾಲ್ಕು ಜನ ಮಲಗಬಹುದಾ?

ಉತ್ತರ: ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಹಿಂದಿನ ಟ್ರೇಲರ್ ಕೈಕೊಡಬಾರದು. ನಿಮ್ಮ ಆತಂಕ ಅಷ್ಟೇ ಅಲ್ವಾ? ಮೂವರು ಮೂರು ಮಾತು ಹೇಳಿದ್ದಾರೆ. ಸೋದರಳಿಯ ಮತ್ತು ಗೆಳೆಯ ಹೇಳಿದ್ದು ಪೂರ್ತಿ ತಪ್ಪು. ಮಿಸ್ತ್ರಿ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಅರ್ಧ ಸತ್ಯವೇ ಜಾಸ್ತಿ ತೊಂದರೆ ಕೊಡುವುದು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಮಿಸ್ತ್ರಿ ಕೆಲಸ ಗೊತ್ತಿಲ್ಲದವರಲ್ಲ. ಟ್ರ್ಯಾಕ್ಟರ್ ಟ್ರೇಲರ್ ಟನ್‌ಗಟ್ಟಲೆ ಕಬ್ಬು ಹೊರಬೇಕು, ನಿಧಾನ ಹೋಗಬೇಕು. ಆ ಕೆಲಸಕ್ಕೆ ಅವರು ಹಾಕುವ ಚಾನೆಲ್ಲೂ ಸರಿ, ಕಮಾನ್ ಪ್ಲೇಟೂ ಸರಿ. ನಿಮ್ಮದು ಅರ್ಧ ಟನ್ ಹೊತ್ತು ಗಂಟೆಗೆ 60 ಕಿಮೀ ವೇಗದಲ್ಲಿ ಓಡುವ ಗಾಡಿ. ಇಲ್ಲಿ ಭಾರವೇ ಮೊದಲ ಶತ್ರು.

ಲೆಕ್ಕ ಹಾಕಿ ನೋಡಿ. ನೀವು ಹೇಳಿದ ಅಳತೆಯ ಪೆಟ್ಟಿಗೆಗೆ ಆರೂ ಮೈ ಸೇರಿ ಸುಮಾರು 16 ಚದರ ಮೀಟರ್ ಶೀಟ್ ಬೇಕು. 3 ಮಿಮೀ ಕಬ್ಬಿಣದ ಶೀಟ್ ಚದರ ಮೀಟರಿಗೆ ಇಪ್ಪತ್ಮೂರೂವರೆ ಕೆಜಿ ತೂಗುತ್ತದೆ. ಅಲ್ಲಿಗೆ ಬರೀ ತಗಡೇ 375 ಕೆಜಿ. 4 ಇಂಚಿನ ಚಾನೆಲ್ ಮೀಟರಿಗೆ ಸುಮಾರು ಒಂಬತ್ತೂವರೆ ಕೆಜಿ. ಚೌಕಟ್ಟು, ಅಡ್ಡಪಟ್ಟಿ, ಮುಂದಿನ ಎಳೆಯುವ ದಂಡ ಸೇರಿ 13–14 ಮೀಟರ್ ಹೋಗುತ್ತದೆ. ಅದು 130 ಕೆಜಿ. ಆಕ್ಸಲ್, ಪ್ಲೇಟು, ಚಕ್ರ ಸೇರಿದರೆ 600 ದಾಟಿತು. ಇನ್ನೂ ಒಂದು ಚಮಚ ಒಳಗೆ ಇಟ್ಟಿಲ್ಲ. ನೀರು, ಹಾಸಿಗೆ, ಸಿಲಿಂಡರ್, ಬ್ಯಾಟರಿ, ಪಾತ್ರೆ, ಅಕ್ಕಿ-ಬೇಳೆ ತುಂಬಿದ ಮೇಲೆ 800 ಕೆಜಿ ಎಲ್ಲಿಗೂ ಹೋಗಿಲ್ಲ.

ಈಗ ಬೇರೆ ದಾರಿ. ಉದ್ದದ ಪಟ್ಟಿಗೆ ಮತ್ತು ಎಳೆಯುವ ದಂಡಕ್ಕೆ 80×40 ಅಳತೆಯ, 3 ಮಿಮೀ ದಪ್ಪದ ಪೈಪ್ ಹಾಕಿ, ಮೀಟರಿಗೆ ಐದೂವರೆ ಕೆಜಿ. ಅಡ್ಡಪಟ್ಟಿಗೆ 50×50 ಪೈಪ್ ಸಾಕು, ಮೀಟರಿಗೆ ನಾಲ್ಕು ಕೆಜಿ ಚಿಲ್ಲರೆ. ಚಾಸಿ 70 ಕೆಜಿ ಒಳಗೆ ಮುಗಿಯುತ್ತದೆ. ಪೆಟ್ಟಿಗೆಗೆ ತೆಳು ಚೌಕ ಪೈಪಿನ ಪಂಜರ, ಅದರ ಮೇಲೆ ಒಂದೂವರೆ ಮಿಮೀ ಅಲ್ಯೂಮಿನಿಯಂ ಶೀಟ್. ಅದು ಚದರ ಮೀಟರಿಗೆ 4 ಕೆಜಿ ಮಾತ್ರ. ಕೆಳಗೆ 12 ಮಿಮೀ ಮರೈನ್ ಪ್ಲೈವುಡ್. ಚಾಸಿ ಮತ್ತು ಪೆಟ್ಟಿಗೆ ಸೇರಿ 200 ಕೆಜಿ ಆಸುಪಾಸು. ಆಕ್ಸಲ್, ಚಕ್ರ, ಸಾಮಾನು ಎಲ್ಲ ತುಂಬಿದರೂ 500 ಕೆಜಿಗೆ ನಿಲ್ಲಿಸಬಹುದು. ಖರ್ಚು ಮಿಸ್ತ್ರಿ ಹೇಳಿದ್ದಕ್ಕಿಂತ ಜಾಸ್ತಿ ಆಗುತ್ತದೆ, ಅದು ನಿಜ. ಅಲ್ಯೂಮಿನಿಯಂ ಅಗ್ಗದ್ದಲ್ಲ. ಆದರೆ ಉಳಿದ 300 ಕೆಜಿಯನ್ನು ಪ್ರತಿ ಏರಿನಲ್ಲೂ ನಿಮ್ಮ ಹಳೆ ಬೊಲೆರೋದ ಕ್ಲಚ್ಚು, ಪ್ರತಿ ಇಳಿಜಾರಿನಲ್ಲೂ ಅದರ ಬ್ರೇಕು ಹೊರಬೇಕಾಗಿತ್ತು.

ಕಮಾನ್ ಪ್ಲೇಟಿನ ವಿಷಯಕ್ಕೆ ಬರುತ್ತೇನೆ. ಟ್ರೇಲರ್ ಒಡೆಯುವುದು ಬಹಳ ಸಲ ಇಲ್ಲಿಂದಲೇ. ಪ್ಲೇಟ್ ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ಜನ ನಂಬಿದ್ದಾರೆ. ಒಂದು ಬದಿಗೆ ಒಂದೂವರೆ ಟನ್ ಹೊರಲು ಮಾಡಿದ ಪ್ಲೇಟಿನ ಮೇಲೆ ನೀವು 250 ಕೆಜಿ ಇಟ್ಟರೆ ಅದು ಒಂದು ಸೆಂಟಿಮೀಟರ್ ಬಗ್ಗಿದರೆ ಹೆಚ್ಚು. ಅಷ್ಟು ಬಿಗಿಯಾದ ಪ್ಲೇಟ್ ಮೇಲಿನ ಪೆಟ್ಟಿಗೆ ಸೆಕೆಂಡಿಗೆ ಐದು ಸಲ ಕುಣಿಯುತ್ತದೆ. ಪ್ಲೇಟ್ ನುಂಗಬೇಕಾದ ಪೆಟ್ಟನ್ನು ವೆಲ್ಡಿಂಗ್ ನುಂಗುತ್ತದೆ. ಮೊದಲು ತಿರುಪುಗಳು ಬಿಚ್ಚುತ್ತವೆ, ಆಮೇಲೆ ಬಾಗಿಲ ಕೀಲು, ಕೊನೆಗೆ ಚಾಸಿ. ಅದೇ ಪ್ಲೇಟ್ ಆರು ಸೆಂಟಿಮೀಟರ್ ಬಗ್ಗುವ ಹಾಗಿದ್ದರೆ ಕುಣಿತ ಸೆಕೆಂಡಿಗೆ ಎರಡಕ್ಕೆ ಇಳಿಯುತ್ತದೆ.

ಇದನ್ನು ಅಂಗಳದಲ್ಲೇ ಪರೀಕ್ಷೆ ಮಾಡಬಹುದು. ಸಾಮಾನು ಪೂರ್ತಿ ತುಂಬಿ. ಚಕ್ರ ನೆಲ ಬಿಡುವವರೆಗೆ ಚಾಸಿಗೆ ಜಾಕ್ ಕೊಟ್ಟು ಎತ್ತಿ, ಆಕ್ಸಲ್‌ಗೂ ಚಾಸಿಗೂ ಇರುವ ಅಂತರ ಅಳೆಯಿರಿ. ಕೆಳಗಿಳಿಸಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ 5ರಿಂದ 7 ಸೆಂಟಿಮೀಟರ್ ಬಂದರೆ ಪ್ಲೇಟ್ ಸರಿ ಇದೆ. ಎರಡೇ ಸೆಂಟಿಮೀಟರ್ ಬಂದರೆ ಪ್ಲೇಟ್ ಕಡಿಮೆ ಮಾಡಿಸಿ. ಸಣ್ಣ ಕಾರಿನ ಅಥವಾ ವ್ಯಾನಿನ ತೆಳು ಪ್ಲೇಟ್ ಹುಡುಕಿ. ಜೊತೆಗೆ ಎರಡೂ ಬದಿ ಶಾಕ್ ಅಬ್ಸಾರ್ಬರ್ ಬೇಕೇ ಬೇಕು. ಟ್ರ್ಯಾಕ್ಟರ್ ಟ್ರೇಲರ್‌ಗೆ ಇರುವುದಿಲ್ಲ ಅಂತ ಇದಕ್ಕೂ ಬಿಡಬೇಡಿ.

ಹಳೆ ಓಮ್ನಿಯ ಹಿಂದಿನ ಆಕ್ಸಲ್ ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಓಮ್ನಿಯಲ್ಲಿ ಇಂಜಿನ್ ತಿರುಗಿಸುವುದು ಹಿಂದಿನ ಚಕ್ರವನ್ನು. ಅಂದರೆ ಆಕ್ಸಲ್ ನಡುವೆ ಆ ಶಕ್ತಿಯನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ ಗುಂಡು ಇರುತ್ತದೆ. ನಿಮಗೆ ಅದು ಸುಮ್ನೆ ಭಾರ. ಮೇಲಾಗಿ 12 ಇಂಚಿನ ಚಕ್ರ. ಹೊಲದ ದಾರಿಯ ನಡುವಿನ ದಿಬ್ಬಕ್ಕೆ ಆ ಗುಂಡೇ ಮೊದಲು ಬಡಿಯುತ್ತದೆ. ನೇರವಾದ ಗಟ್ಟಿ ಪೈಪಿನ ಆಕ್ಸಲ್ ಮಾಡಿಸಿ, ಬೊಲೆರೋದ ಚಕ್ರವೇ ಕೂರುವಂಥ ಹಬ್ ಹಾಕಿಸಿ. 215/75 ಆರ್15 ಟೈರ್ ಬೊಲೆರೋಗೂ ಟ್ರೇಲರ್‌ಗೂ ಒಂದೇ ಆಗುತ್ತದೆ. ಒಂದು ಸ್ಟೆಪ್ನಿ ಸಾಕು. ಎರಡು ಚಕ್ರಗಳ ನಡುವಿನ ಅಗಲವೂ ಬೊಲೆರೋದ್ದೇ ಇರಲಿ. ಆಗ ಬೊಲೆರೋ ತುಳಿದ ಜಾಡಿನಲ್ಲೇ ಟ್ರೇಲರ್ ಬರುತ್ತದೆ. ಅಗಲ ಬೇರೆ ಆದರೆ ಅದು ತನ್ನದೇ ಹೊಸ ಜಾಡು ಕೊರೆಯುತ್ತಾ ಬರಬೇಕು, ಇಂಜಿನ್ ಮೇಲೆ ಎಳೆತ ಜಾಸ್ತಿ.

ಹೊಲದ ದಾರಿ ಅಂದಿರಿ. ನಿಮ್ಮ ಕಡೆ ಎರೆಮಣ್ಣು ಅಲ್ವಾ? ಹೊರಗಿನವರು ಬರೆದ ಟ್ರೇಲರ್ ಪಾಠಗಳಲ್ಲಿ ಈ ಮಣ್ಣಿನ ಮಾತೇ ಇರುವುದಿಲ್ಲ. ಒಂದು ಹದ ಮಳೆ ಬಿದ್ದ ಮೇಲೆ ಹತ್ತು ಮಾರು ಹೋದರೆ ಸಾಕು, ಮಣ್ಣು ಟೈರಿಗೆ ಸುತ್ತಿ ಸುತ್ತಿ ದಪ್ಪ ಆಗುತ್ತದೆ. ಮಡ್‌ಗಾರ್ಡ್ ಹತ್ತಿರ ಇದ್ದರೆ ಅದರೊಳಗೆ ಗಿಡಿದು ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಬೊಲೆರೋ ಎಳೆಯುವುದು ಟ್ರೇಲರನ್ನಲ್ಲ, ಜಾರುಬಂಡಿಯನ್ನು. ಬೊಲೆರೋ ಚಕ್ರಕ್ಕೆ ಇಂಜಿನ್ ಶಕ್ತಿ ಇರುತ್ತದೆ, ಮಣ್ಣನ್ನು ಒದರಿಕೊಳ್ಳುತ್ತದೆ. ಟ್ರೇಲರ್ ಚಕ್ರಕ್ಕೆ ಆ ಶಕ್ತಿ ಇಲ್ಲ. ಹಾಗಾಗಿ ಟೈರಿಗೂ ಮಡ್‌ಗಾರ್ಡಿಗೂ ಒಂದು ಗೇಣಿನಷ್ಟು ಜಾಗ ಬಿಡಿಸಿ. ನಾಲ್ಕು ಬೋಲ್ಟ್ ಬಿಚ್ಚಿದರೆ ಮಡ್‌ಗಾರ್ಡ್ ಕೈಗೆ ಬರುವಂತೆ ಇದ್ದರೆ ಇನ್ನೂ ಒಳ್ಳೆಯದು.

ಗಟ್ಟಿತನ ಎಲ್ಲೂ ಬೇಡ ಅಂತಲ್ಲ. ಬೇಕಾದ ಜಾಗದಲ್ಲಿ ಬೇಕು. ಎಳೆಯುವ ದಂಡ ಪೆಟ್ಟಿಗೆಯ ಕೆಳಗಿನಿಂದ ಹೊರಗೆ ಬರುವ ಜಾಗ ಇದೆಯಲ್ಲ, ಅಲ್ಲೇ ಬಗ್ಗುವ ಬಲ ಅತಿ ಹೆಚ್ಚು. ರಿಪೇರಿಗೆ ಬರುವ ಟ್ರೇಲರ್‌ಗಳಲ್ಲಿ ನಾನು ಮೊದಲು ಕೈಯಾಡಿಸುವುದು ಅಲ್ಲಿಯೇ. ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ, ಅದರ ಗುಂಟ ಕಂದು ತುಕ್ಕಿನ ಕಲೆ ಕಂಡರೆ ಒಳಗೆ ಬಿರುಕು ಶುರುವಾಗಿದೆ ಅಂತಲೇ ಅರ್ಥ. ದಂಡವನ್ನು ಮುಂದಿನ ಅಡ್ಡಪಟ್ಟಿಗೆ ಅಂಟಿಸಿ ನಿಲ್ಲಿಸಬೇಡಿ. ಇಂಗ್ಲಿಷಿನ ಎ ಅಕ್ಷರದ ಆಕಾರದಲ್ಲಿ ಎರಡು ಪೈಪ್ ಬರಲಿ, ಎರಡೂ ಕೆಳಗೆ ಕನಿಷ್ಠ ಎರಡು ಅಡ್ಡಪಟ್ಟಿ ದಾಟಿ ಹೋಗಲಿ. ಗಟ್ಟಿತನಕ್ಕೆ ಮೇಲೊಂದು ಕಬ್ಬಿಣದ ಪಟ್ಟಿ ಕೂರಿಸುವುದಾದರೆ ಅದರ ತುದಿ ಚೂಪಾಗಿ ಕತ್ತರಿಸಿರಲಿ. ಪೈಪಿಗೆ ಅಡ್ಡಲಾಗಿ ನೇರ ವೆಲ್ಡಿಂಗ್ ಎಳೆದರೆ ಬಿರುಕು ಆ ಗೆರೆಯಿಂದಲೇ ಏಳುತ್ತದೆ. ಈ ಕೀಲುಗಳಿಗೆ 7018 ನಂಬರಿನ ವೆಲ್ಡಿಂಗ್ ರಾಡ್ ಕೇಳಿ. ಅದನ್ನು ತೇವಕ್ಕೆ ಬಿಡದೆ, ಕಾಯಿಸಿ ಒಣಗಿಸಿ ಬಳಸಬೇಕು. ಮಳೆಗಾಲದಲ್ಲಿ ಮೂಲೆಯಲ್ಲಿ ಬಿದ್ದಿದ್ದ ಕಟ್ಟಿನಿಂದ ತೆಗೆದ ರಾಡ್ ಬೇಡ. ಪೈಪಿನ ಕೆಳಗೆ ನೀರು ಇಳಿಯಲು ಸಣ್ಣ ತೂತು ಇರಲಿ, ಇಲ್ಲದಿದ್ದರೆ ಒಳಗಿಂದ ತುಕ್ಕು ತಿನ್ನುತ್ತದೆ.

ಈಗ ನಿಮ್ಮ ಸೋದರಳಿಯನ ಮಾತು. ಅವನಿಗೆ ಚಕ್ಕಡಿ ತೋರಿಸಿ. ಚೀಲ ಎಲ್ಲ ಹಿಂದಕ್ಕೆ ಹೇರಿದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ. ಮುಂದಕ್ಕೇ ಹೇರಿದರೆ ಹೆಗಲು ಕುಸಿಯುತ್ತದೆ. ಟ್ರೇಲರಿನದೂ ಅದೇ ಲೆಕ್ಕ, ವೇಗ ಮಾತ್ರ ಜಾಸ್ತಿ. ಒಟ್ಟು ತೂಕದ ಹತ್ತನೇ ಒಂದು ಭಾಗ ಬೊಲೆರೋದ ಕೊಕ್ಕೆ ಮೇಲೆ ಕೂರಬೇಕು. 500 ಕೆಜಿಗೆ 50 ಕೆಜಿ. ಹಿಂದೆ ಭಾರವಾದರೆ ಏನಾಗುತ್ತದೆ? ಹಾವೇರಿ ಕಡೆ 48ನೇ ಹೆದ್ದಾರಿಯಲ್ಲಿ ಹೋಗುವಾಗ ಪಕ್ಕದಲ್ಲಿ ಒಂದು ಬಸ್ ಜೋರಾಗಿ ದಾಟಿತು ಅನ್ನಿ. ಗಾಳಿಯ ಹೊಡೆತಕ್ಕೆ ಟ್ರೇಲರ್ ಸ್ವಲ್ಪ ಓಲಾಡುತ್ತದೆ. ಮುಂದೆ ಭಾರವಿದ್ದರೆ ಓಲಾಟ ತಾನೇ ನಿಲ್ಲುತ್ತದೆ. ಹಿಂದೆ ಭಾರವಿದ್ದರೆ ಒಂದೊಂದು ಓಲಾಟಕ್ಕೂ ದೊಡ್ಡದಾಗುತ್ತಾ ಹೋಗಿ ಬೊಲೆರೋದ ಹಿಂಭಾಗವನ್ನೇ ಅತ್ತಿತ್ತ ಎಳೆಯುತ್ತದೆ. ಆ ಹೊತ್ತಿನಲ್ಲಿ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಎದುರು ತಿರುಗಿಸಲೂ ಹೋಗಬೇಡಿ. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ವೇಗ ಇಳಿದಂತೆ ನಿಲ್ಲುತ್ತದೆ.

ಒಂದು ನೀರಿನ ಟ್ಯಾಂಕ್ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ಕೊಕ್ಕೆಯಿಂದ ಆಕ್ಸಲ್‌ಗೆ ಎರಡೂವರೆ ಮೀಟರ್ ಇದೆ ಅಂದುಕೊಳ್ಳಿ. 60 ಲೀಟರ್ ಟ್ಯಾಂಕನ್ನು ಆಕ್ಸಲ್‌ನಿಂದ ಒಂದು ಮೀಟರ್ ಮುಂದೆ ಇಟ್ಟರೆ ಕೊಕ್ಕೆ ಮೇಲೆ 24 ಕೆಜಿ ಏರುತ್ತದೆ. ಒಂದು ಮೀಟರ್ ಹಿಂದೆ ಇಟ್ಟರೆ 24 ಕೆಜಿ ಇಳಿಯುತ್ತದೆ. ಒಟ್ಟು ವ್ಯತ್ಯಾಸ 48 ಕೆಜಿ. ನಿಮಗೆ ಬೇಕಾಗಿದ್ದೇ 50! ನೀರು ಖರ್ಚಾದಂತೆ ಈ ಲೆಕ್ಕ ದಾರಿಯುದ್ದಕ್ಕೂ ಬದಲಾಗುತ್ತಾ ಹೋಗುತ್ತದೆ. ಅದಕ್ಕೇ ಟ್ಯಾಂಕ್ ಆಕ್ಸಲ್‌ನ ನೇರ ಮೇಲೆ, ತಳಕ್ಕೆ ಹತ್ತಿಕೊಂಡು ಇರಲಿ. ನಿಮ್ಮ ಅಡುಗೆ ಕಟ್ಟೆ ಹಿಂದೆ ಇರುವುದರಿಂದ ಹಿಂಭಾರ ಹೇಗಿದ್ದರೂ ಬರುತ್ತದೆ. ಅದನ್ನು ಸರಿದೂಗಿಸಲು ಬ್ಯಾಟರಿ ಮುಂದೆ ಹೋಗಲಿ, ಆಕ್ಸಲ್ ಪೆಟ್ಟಿಗೆಯ ನಟ್ಟನಡುವಿಗಿಂತ ಸ್ವಲ್ಪ ಹಿಂದೆ ಬರಲಿ. ಎಷ್ಟು ಹಿಂದೆ ಅಂತ ಈಗಲೇ ವೆಲ್ಡ್ ಮಾಡಿಸಬೇಡಿ. ಕಮಾನ್ ಪ್ಲೇಟನ್ನು ಚಾಸಿಗೆ ಹಿಡಿಸುವ ಹ್ಯಾಂಗರ್‌ಗಳನ್ನು ಬೋಲ್ಟಿನಲ್ಲಿ ಕೂರಿಸಿ, ಮುಂದೆ-ಹಿಂದೆ ಒಂದೆರಡು ತೂತು ಜಾಸ್ತಿ ಹೊಡೆಸಿ. ಎಲ್ಲ ತುಂಬಿದ ಮೇಲೆ ವೇಬ್ರಿಡ್ಜ್‌ನಲ್ಲಿ ಒಟ್ಟು ತೂಕ ನೋಡಿ. ಸಮತಟ್ಟು ಜಾಗದಲ್ಲಿ ಎಳೆಯುವ ದಂಡದ ತುದಿಯನ್ನು ಕೊಕ್ಕೆ ಎತ್ತರಕ್ಕೇ ತಂದು, ಮನೆಯಲ್ಲಿ ಮನುಷ್ಯರು ತೂಕ ನೋಡುವ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ ಅದರ ಮೇಲೆ ಇಡಿ. ಎಷ್ಟು ತೋರಿಸುತ್ತದೋ ಅದೇ ಕೊಕ್ಕೆ ಮೇಲಿನ ಭಾರ. 500ಕ್ಕೆ 70ರ ಮೇಲೆ ಹೋದರೂ ತೊಂದರೆ. ಬೊಲೆರೋದ ಮೂತಿ ಮೇಲೇಳುತ್ತದೆ, ಸ್ಟೇರಿಂಗ್ ಹಗುರವಾಗುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಕೊಕ್ಕೆ ಅಂದೆ, ಅದರ ಬಗ್ಗೆ ಎರಡು ಮಾತು. ಟ್ರ್ಯಾಕ್ಟರಿಗೆ ಹಾಕುವ ಪಿನ್ನು ಬೇಡ. ಅದರಲ್ಲಿ ಸಡಿಲ ಇರುತ್ತದೆ, ಗೇರ್ ಬದಲಿಸಿದಾಗೆಲ್ಲ ಬೆನ್ನಿಗೆ ಗುದ್ದುತ್ತದೆ. 50 ಮಿಮೀ ಗುಂಡು ಮತ್ತು ಅದರ ಮೇಲೆ ಕೂರುವ ಬೀಗದ ಕಪ್ ನಿಮ್ಮ ಓಡಾಟಕ್ಕೆ ಸಾಕು. ಆಳದ ಹಳ್ಳ-ಕೊಳ್ಳ ಇಳಿಯುವವರಿಗೆ ಮಾತ್ರ ಸುತ್ತಲೂ ತಿರುಗುವ ಆಫ್‌ರೋಡ್ ಕಪ್ಲಿಂಗ್ ಬೇಕು. ಗುಂಡು ಕೂರಿಸುವ ಬ್ರಾಕೆಟನ್ನು ಬಂಪರಿಗೆ ಹಾಕಬೇಡಿ. ಬೊಲೆರೋಗೆ ಬಾಡಿಯಿಂದ ಬೇರೆಯಾದ ಚಾಸಿ ಇದೆ, ಅದೇ ನಿಮ್ಮ ಅನುಕೂಲ. ಆ ಚಾಸಿಯ ಎರಡೂ ಉದ್ದದ ಪಟ್ಟಿಗೆ ಬೋಲ್ಟ್ ಮಾಡಿಸಿ, ಚಾಸಿಗೆ ವೆಲ್ಡಿಂಗ್ ಬೇಡ. ಕೆಳಗೆ ಎರಡು ಸರಪಳಿ ಕತ್ತರಿಯಾಗಿ ಹಾಕಿಸಿ. ಕಪ್ ಕಳಚಿದರೂ ದಂಡ ನೆಲಕ್ಕೆ ಬೀಳದೆ ಸರಪಳಿ ಮೇಲೆ ಕೂರುತ್ತದೆ. ಎಷ್ಟು ಎಳೆಯಬಹುದು ಅಂತ ಬೊಲೆರೋ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಅದರಲ್ಲಿ ಇಲ್ಲದಿದ್ದರೆ ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಬ್ರೇಕ್ ಬೇಕಾ? 500 ಕೆಜಿಯಲ್ಲಿ ನಿಲ್ಲಿಸಿದರೆ ಬೊಲೆರೋದ ಬ್ರೇಕೇ ನಿಭಾಯಿಸುತ್ತದೆ, ನಿಲ್ಲುವ ದೂರ ಮಾತ್ರ ಜಾಸ್ತಿ ಆಗುತ್ತದೆ. ಮಿಸ್ತ್ರಿ ಹೇಳಿದ 800 ಕೆಜಿ ಗಾಡಿಗೆ ಟ್ರೇಲರ್‌ನದೇ ಬ್ರೇಕ್ ಇಲ್ಲದೆ ನಾನಂತೂ ಘಟ್ಟ ಇಳಿಯುವುದಿಲ್ಲ. ಯಲ್ಲಾಪುರ ದಾಟಿ ಅಂಕೋಲಾ ಕಡೆಗೆ ಅರಬೈಲ್ ಘಟ್ಟ ಇಳಿಯಬೇಕಲ್ಲ, ಅಲ್ಲಿ ಕಾಲು ಬ್ರೇಕಿನ ಮೇಲೇ ಇಟ್ಟರೆ ಕಾದು ಹಿಡಿತ ಬಿಡುತ್ತದೆ. ಮೇಲೆಯೇ ಸಣ್ಣ ಗೇರಿಗೆ ತಂದು ಇಂಜಿನ್ ತಡೆಯಲ್ಲಿ ಇಳಿಯಿರಿ.

ಇನ್ನು ಗೆಳೆಯರ 750 ಕೆಜಿ. ಆ ಅಂಕಿ ಯುರೋಪಿನದು. ಅಲ್ಲಿ 750 ಕೆಜಿವರೆಗಿನ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯವಲ್ಲ. ಅದಕ್ಕೂ ನಮ್ಮ ನೋಂದಣಿಗೂ ಸಂಬಂಧ ಇಲ್ಲ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಅಂದರೆ ಟ್ರೇಲರೂ ಸೇರಿತು. 39ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಮೋಟಾರು ವಾಹನ ರಸ್ತೆಗೆ ಬರುವಂತಿಲ್ಲ. ನೋಂದಣಿಗೆ ಫಾರ್ಮ್ 20 ಅರ್ಜಿ, ಮಾರಿದವರ ಫಾರ್ಮ್ 21, ತಯಾರಕರು ಕೊಡುವ ರಸ್ತೆ ಯೋಗ್ಯತೆಯ ಫಾರ್ಮ್ 22 ಬೇಕು. ನಿಮ್ಮೂರ ವೆಲ್ಡಿಂಗ್ ಅಂಗಡಿ ಫಾರ್ಮ್ 22 ಕೊಡಲಾರದು. ಹೊಲಕ್ಕೆ ಅಂತ ನೋಂದಣಿಯಾದ ಟ್ರೇಲರ್ ತಂದು ಮೇಲೆ ಪೆಟ್ಟಿಗೆ ಕೂರಿಸುವ ಐಡಿಯಾ ಕೊಡುವವರೂ ಇದ್ದಾರೆ. ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ತಾಳೆ ಆಗದಿದ್ದರೆ 52ನೇ ಕಲಂ ಅಡ್ಡ ಬರುತ್ತದೆ. ದಂಡ ಕಟ್ಟಿ ಪಾರಾಗಬಹುದು. ಆದರೆ ಯಾರಿಗಾದರೂ ಪೆಟ್ಟಾದರೆ, ನೋಂದಣಿ ಇಲ್ಲದ ಟ್ರೇಲರ್ ಎಳೆಯುತ್ತಿದ್ದಿರಿ ಅಂತ ವಿಮೆಯವರು ಕೈತೊಳೆದುಕೊಂಡರೆ ಆ ಪರಿಹಾರ ನಿಮ್ಮ ಸಂಬಳದಿಂದ ಹೋಗಬೇಕು.

ಹಾಗಾದರೆ ಏನು ಮಾಡಬಹುದು? ನಾನಾಗಿದ್ದರೆ ಫಾರ್ಮ್ 22 ಕೊಡುವ ತಯಾರಕರಿಂದ ಸಣ್ಣ ಟ್ರೇಲರನ್ನೇ ತರುತ್ತಿದ್ದೆ. ಪೆಟ್ಟಿಗೆ ಸಮೇತ ನೋಂದಣಿ ಮಾಡಿಸಿ, ಒಳಗಿನ ಹಾಸಿಗೆ, ಕಟ್ಟೆ, ಕಪಾಟು, ವಿದ್ಯುತ್ ಕೆಲಸ ಊರಿನ ಬಡಗಿ ಮತ್ತು ಮಿಸ್ತ್ರಿ ಕೈಯಲ್ಲಿ. ನಿಮ್ಮ ಅಳತೆಯಲ್ಲೇ ಬೇಕೆಂದರೆ ಅದೇ ತಯಾರಕರಿಗೆ ಡ್ರಾಯಿಂಗ್ ಕೊಡಿ. ದುಡ್ಡೂ ಸಮಯವೂ ಜಾಸ್ತಿ ಹಿಡಿಯುತ್ತದೆ, ಕಾಗದ ಮಾತ್ರ ನೆಟ್ಟಗಿರುತ್ತದೆ. ಎರಡರಲ್ಲಿ ಯಾವುದಾದರೂ ಮುಂಗಡ ಕೊಡುವ ಮೊದಲು ಗದಗ ಆರ್‌ಟಿಒ ಕಚೇರಿಗೆ ಡ್ರಾಯಿಂಗ್ ಒಯ್ದು ತೋರಿಸಿ, ಇದಕ್ಕೆ ಕೆಎ-26 ನಂಬರ್ ಸಿಗುತ್ತದಾ ಅಂತ ಕೇಳಿ. ವರ್ಷಕ್ಕೆ ಒಂದೆರಡು ಸಲ ಹೋಗುವ ಯೋಚನೆ ಇದ್ದರೆ ಟ್ರೇಲರೇ ಬೇಡ. ಬೊಲೆರೋದ ಹಿಂದಿನ ಜಾಗದಲ್ಲಿ ಎಳೆದು ತೆಗೆಯುವ ಅಡುಗೆ ಡ್ರಾಯರ್, ಜೊತೆಗೆ ಒಂದು ಒಳ್ಳೆಯ ಟೆಂಟ್. ಘಟ್ಟದ ಚಿಂತೆ, ರಿವರ್ಸ್ ತೆಗೆಯುವ ಒದ್ದಾಟ ಎರಡೂ ಇಲ್ಲ. ಮಿಸ್ತ್ರಿ ಹೇಳಿದ ಗಾಡಿ ಬೇಕೇ ಬೇಕು ಅಂದರೆ ಅದು ನಿಮ್ಮ ಸ್ವಂತ ಹೊಲದ ಬೇಲಿಯೊಳಗೆ ಮಾತ್ರ.

ಒಳಗಿನ ಕೆಲಸದಲ್ಲಿ ಜೀವಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಹೇಳುತ್ತೇನೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ಮಡುಗಟ್ಟುತ್ತದೆ. ಸಿಲಿಂಡರ್ ಮಲಗುವ ಜಾಗದಿಂದ ಬೇರೆಯಾಗಿ, ಹೊರಗಿನಿಂದ ತೆಗೆಯುವ ಗೂಡಿನಲ್ಲಿ ಇರಲಿ. ಆ ಗೂಡಿನ ತಳದಲ್ಲಿ ತೂತು ಇರಲಿ. ಒಳಗೆ ಚಳಿ ಅಂತ ಸ್ಟೌ, ಇದ್ದಿಲ ಒಲೆ ಹಚ್ಚಿಕೊಂಡು ಮಲಗಬೇಡಿ. ಸಣ್ಣ ಪೆಟ್ಟಿಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಲು ಹೊತ್ತು ಬೇಡ, ವಾಸನೆಯೂ ಬರುವುದಿಲ್ಲ. ಮುಚ್ಚಲು ಬಾರದ ಎರಡು ಗಾಳಿಕಿಂಡಿ, ಒಂದು ಮೇಲೆ, ಒಂದು ಕೆಳಗೆ, ಕಡ್ಡಾಯ. ಬ್ಯಾಟರಿಯ ಪಾಸಿಟಿವ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸಿ. ದೂಳಿನ ಮಾತೂ ಇದೆ: ಓಡುವ ಪೆಟ್ಟಿಗೆಯ ಹಿಂದೆ ಗಾಳಿಯ ಒತ್ತಡ ಕಡಿಮೆ ಆಗಿ ದೂಳು ಅಲ್ಲಿಗೇ ಎಳೆದುಕೊಳ್ಳುತ್ತದೆ. ನಿಮ್ಮ ಅಡುಗೆ ಕಟ್ಟೆ ಇರುವುದೂ ಅಲ್ಲೇ. ಹಿಂಬಾಗಿಲಿಗೆ ಕಾರಿನ ಡಿಕ್ಕಿಗೆ ಹಾಕುವ ರಬ್ಬರ್ ಬೀಡಿಂಗ್ ಹಾಕಿಸಿ.

ನಾಲ್ಕು ಜನ ಮಲಗಲು ಆಗುವುದಿಲ್ಲ. ನಾಲ್ಕೂವರೆ ಅಡಿ ಅಗಲದಲ್ಲಿ ಇಬ್ಬರು ದೊಡ್ಡವರು, ಅಷ್ಟೇ. ಮಕ್ಕಳಿಗೆ ಪಕ್ಕದಲ್ಲಿ ಟೆಂಟ್ ಹಾಕಿ ಅಥವಾ ಬೊಲೆರೋ ಸೀಟು ಮಡಚಿ ಹಾಸಿಗೆ ಮಾಡಿ. ಗಾಡಿ ಓಡುವಾಗ ಟ್ರೇಲರ್ ಒಳಗೆ ಯಾರೂ ಕೂರಬಾರದು, ಎಷ್ಟು ಹಟ ಮಾಡಿದರೂ. ಮೊದಲ ಪ್ರಯಾಣ ದಾಂಡೇಲಿಗೆ ಬೇಡ, ಹುಬ್ಬಳ್ಳಿವರೆಗೆ ಬಂದು ಹೋಗಿ. 20–30 ಕಿಮೀ ಆದ ಮೇಲೆ ನಿಲ್ಲಿಸಿ ಎರಡೂ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲು ಆಗದಷ್ಟು ಸುಟ್ಟರೆ ಬೇರಿಂಗ್ ಬಿಗಿಯಾಗಿದೆ. ವೀಲ್ ನಟ್ ಮತ್ತೊಮ್ಮೆ ಬಿಗಿ ಮಾಡಿ. ನಿಮಗೆ ಹತ್ತಿರದ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ದಾಂಡೇಲಿ ಕಡೆಯ ಕಾಡಿನ ಹಾಗೆ ಅಲ್ಲೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವ ಹಾಗಿಲ್ಲ. ಅದನ್ನು ರಜೆಗೆ ಮೊದಲೇ ಕೇಳಿಕೊಳ್ಳಿ.